ನಲ್ಲಿಯ ತ್ರೆಡ್‌ಗೆ ಟೇಪ್ ಎಷ್ಟು ಸುತ್ತಿದರೂ ನೀರು ಜಿನುಗುತ್ತಿದೆ. ಇನ್ನೂ ಜಾಸ್ತಿ ಸುತ್ತಬೇಕಾ?

ನೀರಹನಿ

ಎಲ್ಲರಿಗೂ ನಮಸ್ಕಾರ. ಬಚ್ಚಲಲ್ಲಿ ಎರಡು ಕಡೆ ನೀರು ಜಿನುಗುತ್ತಿದೆ, ಸಲಹೆ ಬೇಕಿತ್ತು. ಒಂದು, ಗೋಡೆಯೊಳಗಿನ ಎಲ್ಬೋಗೆ ನಲ್ಲಿ ಕೂರುವ ಜಾಗ. ಇನ್ನೊಂದು, ಆಂಗಲ್ ವಾಲ್ವ್‌ನಿಂದ ಫ್ಲಶ್ ಟ್ಯಾಂಕ್‌ಗೆ ಹೋಗುವ ಕನೆಕ್ಷನ್ ಪೈಪ್‌ನ ನಟ್. ಎರಡಕ್ಕೂ ಬಿಳಿ ಟೆಫ್ಲಾನ್ ಟೇಪ್ ದಪ್ಪಕ್ಕೆ ಸುತ್ತಿದ್ದೇನೆ. ಬಿಗಿ ಮಾಡಿದ ತಕ್ಷಣ ಸರಿಹೋದಂತೆ ಕಾಣುತ್ತದೆ. ಬೆಳಗಾಗುವಷ್ಟರಲ್ಲಿ ಮತ್ತೆ ಹನಿ. ನಲ್ಲಿ ಹಿತ್ತಾಳೆಯದು. ಎಲ್ಬೋ ಪ್ಲಾಸ್ಟಿಕ್ಕಿನದು, ಒಳಗೆ ಹಿತ್ತಾಳೆ ತ್ರೆಡ್ ಇದೆ. ಇನ್ನೂ ಜಾಸ್ತಿ ಸುತ್ತಬೇಕಾ, ಅಥವಾ ಬೇರೆ ಏನಾದರೂ ಹಚ್ಚಬೇಕಾ?

ಬಾಡಿಗೆಮನೆ

ಜಾಸ್ತಿ ಸುತ್ತಿ ನೋಡಿ. ಕಷ್ಟಪಟ್ಟು ಒಳಗೆ ಹೋಗುವಷ್ಟು ದಪ್ಪ ಇರಬೇಕು ಅಂತ ಕೇಳಿದ್ದೇನೆ.

ಪೈಪ್‌ಪಾನಾ

ದಯವಿಟ್ಟು ಇನ್ನೂ ಸುತ್ತಬೇಡಿ. ನೀವು ಹೇಳಿದ ಎರಡು ಜಾಗ ನೋಡಲು ಒಂದೇ ಥರ. ಆದರೆ ನೀರು ನಿಲ್ಲುವ ರೀತಿ ಎರಡರಲ್ಲೂ ಬೇರೆ ಬೇರೆ.

ಮೊದಲು ಕನೆಕ್ಷನ್ ಪೈಪ್‌ನ ನಟ್ ಬಿಚ್ಚಿ ಒಳಗೆ ನೋಡಿ. ಅಲ್ಲೊಂದು ರಬ್ಬರ್ ವಾಷರ್ ಇರುತ್ತದೆ. ವಾಲ್ವ್‌ನ ಬಾಯಿಯ ಅಂಚು ಆ ವಾಷರ್ ಮೇಲೆ ಒತ್ತಿ ಕೂತಾಗ ನೀರು ನಿಲ್ಲುತ್ತದೆ. ತ್ರೆಡ್ ಅಲ್ಲಿ ಇರುವುದು ಒತ್ತಿ ಹಿಡಿಯಲು ಮಾತ್ರ. ನೀರು ತ್ರೆಡ್‌ವರೆಗೆ ಬಂದಿದೆ ಎಂದರೆ ವಾಷರ್ ಆಗಲೇ ಕೈಕೊಟ್ಟಿದೆ. ಅಲ್ಲಿ ಟೇಪ್ ಸುತ್ತಿದರೆ ನಟ್ ಅರ್ಧ ದಾರಿಯಲ್ಲೇ ಗಟ್ಟಿಯಾಗುತ್ತದೆ. ನಮ್ಮ ಕೈಗೆ ‘ಬಿಗಿಯಾಯಿತು’ ಅನ್ನಿಸುತ್ತದೆ, ಆದರೆ ವಾಷರ್ ಮೇಲೆ ಒತ್ತಡ ಬಿದ್ದೇ ಇರುವುದಿಲ್ಲ. ಅಂದರೆ ಅಲ್ಲಿ ಟೇಪ್ ಉಪಯೋಗಕ್ಕೆ ಬಾರದ್ದು ಮಾತ್ರವಲ್ಲ, ಸೋರುವುದಕ್ಕೆ ಅದೇ ಕಾರಣವೂ ಆಗಬಹುದು.

ಟೇಪ್ ಎಲ್ಲ ಕಿತ್ತು ಹಾಕಿ. ವಾಷರ್ ಗಟ್ಟಿಯಾಗಿದ್ದರೆ, ಸೀಳಿದ್ದರೆ, ಒಂದೇ ಕಡೆ ಅಮುಕಿಹೋಗಿದ್ದರೆ ಹೊಸದು ಹಾಕಿ. ವಾಲ್ವ್‌ನ ಬಾಯಿಯ ಅಂಚನ್ನು ಬೆರಳಲ್ಲಿ ಸವರಿ ನೋಡಿ, ಕಚ್ಚು ಅಥವಾ ಸುಣ್ಣದ ಗಂಟು ಇರಬಾರದು. ನಟ್ಟನ್ನು ಕೈಯಲ್ಲಿ ಪೂರ್ತಿ ಬಿಗಿ ಮಾಡಿ, ಆಮೇಲೆ ಸ್ಪ್ಯಾನರ್‌ನಲ್ಲಿ ಕಾಲು ಸುತ್ತು. ಅಷ್ಟು ಸಾಕು.

ಗೋಡೆಯ ನಲ್ಲಿ ಮಾತ್ರ ಟೇಪ್ ಬೇಕಾದ ಜಾಗ. ಅದರ ಬಗ್ಗೆ ಹೇಳುವ ಮೊದಲು ಒಂದು ಪ್ರಶ್ನೆ. ಟೇಪ್ ಇಲ್ಲದೆ ಬರಿಯ ನಲ್ಲಿಯನ್ನು ಕೈಯಲ್ಲಿ ತಿರುಗಿಸಿದರೆ ಎಷ್ಟು ಸುತ್ತು ಒಳಗೆ ಹೋಗುತ್ತದೆ? ಯಾವುದಕ್ಕೆ ತಾಗಿ ನಿಲ್ಲುತ್ತದೆ?

ಹಿತ್ತಿಲಗಿಡ

ಒಳ್ಳೆ ವಿಷಯ. ತೋಟದ ನಲ್ಲಿಗೆ ಹೋಸ್ ಹಾಕುವ ನಟ್‌ಗೂ ಇದೇ ಲೆಕ್ಕವೇ?

ಪೈಪ್‌ಪಾನಾ

ಹೌದು. ಒಳಗೆ ವಾಷರ್ ಕಂಡರೆ ಟೇಪ್ ಬೇಡ. ಕೈ ಶವರ್‌ನ ಕೊಳವೆ, ವಾಷಿಂಗ್ ಮಷೀನ್‌ನ ಹೋಸ್, ಚಪ್ಪಟೆ ವಾಷರ್ ಇರುವ ಯೂನಿಯನ್ (ಎರಡು ಪೈಪ್ ಸೇರಿಸುವ, ಬಿಚ್ಚಬಹುದಾದ ಜೋಡಣೆ), ಎಲ್ಲವೂ ಅದೇ ಗುಂಪು. ಇನ್ನೊಂದು ಗುಂಪಿದೆ. ತಾಮ್ರದ ಪೈಪ್ ಮೇಲೆ ಹಿತ್ತಾಳೆಯ ಬಳೆ ಹಾಕಿ ನಟ್ಟಿನಿಂದ ಅಮುಕುವ ಕಂಪ್ರೆಷನ್ ಜೋಡಣೆ. ಅಲ್ಲಿ ಬಳೆ ಪೈಪನ್ನು ಕಚ್ಚಿ ಹಿಡಿದು ನೀರು ತಡೆಯುತ್ತದೆ. ಪೈಪ್‌ನ ಬಾಯಿಯನ್ನೇ ಅಗಲಿಸಿ ಕೂರಿಸುವ ಫ್ಲೇರ್ ಜೋಡಣೆಯೂ ಹಾಗೆಯೇ, ಲೋಹಕ್ಕೆ ಲೋಹವೇ ತಾಗಿ ನಿಲ್ಲಬೇಕು. ಇವುಗಳ ನಟ್ಟಿನ ತ್ರೆಡ್‌ಗೆ ಟೇಪ್ ಬೇಡ.

ಹೊಸ ಸಾಮಾನು ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಇದನ್ನೇ. ಇಲ್ಲಿ ನೀರು ನಿಲ್ಲಿಸುವುದು ಯಾರು? ತ್ರೆಡ್ಡೋ, ವಾಷರ್ರೋ, ಬಳೆಯೋ? ಅದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಲೇತ್‌ಕೆಲಸ

ಪೈಪ್‌ಪಾನಾ ಅವರು ಹೇಳಿದ್ದಕ್ಕೆ ತ್ರೆಡ್ ಕತ್ತರಿಸುವವನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಆದರೆ ಇದು ತಿಳಿದರೆ ಎಷ್ಟು ಸುತ್ತಬೇಕು ಅನ್ನುವುದನ್ನು ನೀವೇ ಊಹಿಸಬಹುದು.

ಪೈಪ್ ತ್ರೆಡ್‌ನಲ್ಲಿ ಎರಡು ಜಾತಿ. ಒಂದು ನೇರ, ಅಂದರೆ ಉದ್ದಕ್ಕೂ ಒಂದೇ ವ್ಯಾಸ. ಇನ್ನೊಂದು ಟೇಪರ್, ತುದಿಗೆ ಬರುತ್ತಾ ಸಣ್ಣಗಾಗುತ್ತದೆ. ಐಎಸ್‌ಒ 228 ಎಂಬ ಮಾನಕದ ನೇರ ತ್ರೆಡ್‌ಗೆ ‘ಜಿ’ ಗುರುತು. ಅದು ತ್ರೆಡ್ ಮೇಲೆ ನೀರು ತಡೆಯಲು ಮಾಡಿದ್ದಲ್ಲ, ವಾಷರ್‌ಗೆ ಜೊತೆಯಾಗಿ ಮಾಡಿದ್ದು. ಐಎಸ್‌ಒ 7ರಲ್ಲಿ ಬರುವ ‘ಆರ್’ ಗುರುತಿನ ಹೊರ ತ್ರೆಡ್ ಟೇಪರ್. ಅದು ತ್ರೆಡ್‌ನಲ್ಲೇ ನೀರು ತಡೆಯಲೆಂದು ಮಾಡಿದ್ದು.

ಟೇಪರ್ ತ್ರೆಡ್ ಒಳಗೆ ಹೋದಂತೆ ಬಿಗಿಯಾಗುತ್ತದೆ. ಹಾಗಾದರೆ ಟೇಪ್ ಯಾಕೆ? ಹೊರ ತ್ರೆಡ್‌ನ ಏಣು ಒಳ ತ್ರೆಡ್‌ನ ತಗ್ಗಿಗೆ ಪೂರ್ತಿಯಾಗಿ ಅಂಟಿ ಕೂರುವುದಿಲ್ಲ. ಕೂದಲೆಳೆಯಷ್ಟು ಸಂದಿ ಉಳಿದೇ ಉಳಿಯುತ್ತದೆ. ಆ ಸಂದಿ ತ್ರೆಡ್ ಜೊತೆಗೇ ಸುತ್ತುತ್ತಾ ಒಳಗಿನಿಂದ ಹೊರಗಿನವರೆಗೆ ಬರುತ್ತದೆ. ನೀರು ಅದೇ ಸುರುಳಿ ದಾರಿ ಹಿಡಿದು ಹೊರಗೆ ಬರುತ್ತದೆ. ಟೇಪ್ ಆ ಸಂದಿಯೊಳಗೆ ಹಿಂಡಿಕೊಂಡು ದಾರಿ ಮುಚ್ಚುತ್ತದೆ.

ಟೇಪ್‌ಗೆ ಇನ್ನೊಂದು ಕೆಲಸವೂ ಇದೆ. ಪಿಟಿಎಫ್‌ಇ, ಅಂದರೆ ಟೆಫ್ಲಾನ್, ತುಂಬಾ ಜಾರುವ ವಸ್ತು. ಲೋಹಕ್ಕೆ ಲೋಹ ಉಜ್ಜಿ ಹಿಡಿದುಕೊಳ್ಳುವುದನ್ನು ತಪ್ಪಿಸಿ, ಅದೇ ಬಲಕ್ಕೆ ಇನ್ನೂ ಸ್ವಲ್ಪ ಒಳಗೆ ಹೋಗಲು ಬಿಡುತ್ತದೆ. ಅದು ಗೋಂದಲ್ಲ. ಏನನ್ನೂ ಅಂಟಿಸುವುದಿಲ್ಲ.

ಈಗ ಲೆಕ್ಕ. ಅರ್ಧ ಇಂಚಿನ ಬಿಎಸ್‌ಪಿ, ಅಂದರೆ ಬ್ರಿಟಿಷ್ ಮಾನಕದ ಪೈಪ್ ತ್ರೆಡ್‌ನಲ್ಲಿ ಇಂಚಿಗೆ 14 ಏಣು. ಒಂದು ಪೂರ್ತಿ ಸುತ್ತಿಗೆ 1.814 ಮಿ.ಮೀ. ಒಳಗೆ ಹೋಗುತ್ತದೆ. ಟೇಪರ್ ಇರುವುದು 16ಕ್ಕೆ 1, ಅಂದರೆ 16 ಮಿ.ಮೀ. ಉದ್ದಕ್ಕೆ ವ್ಯಾಸ 1 ಮಿ.ಮೀ. ಬದಲಾಗುತ್ತದೆ. ಹಾಗಾಗಿ ಒಂದು ಸುತ್ತು ತಿರುಗಿಸಿದರೆ ವ್ಯಾಸದಲ್ಲಿ ಸಿಗುವ ಬಿಗಿ ಸುಮಾರು 0.11 ಮಿ.ಮೀ. ಮಾತ್ರ. ಸಾಮಾನ್ಯ ಬಿಳಿ ಟೇಪ್ 0.075 ಮಿ.ಮೀ. ದಪ್ಪ ಇರುತ್ತದೆ. ಒಂದು ಸುತ್ತು ಹಾಕಿದರೆ ಎರಡು ಬದಿ ಸೇರಿ ವ್ಯಾಸ 0.15 ಮಿ.ಮೀ. ಹೆಚ್ಚಾಯಿತು. ಟೇಪ್ ಮೆತ್ತಗಿರುವುದರಿಂದ ಒತ್ತಿದಾಗ ತೆಳ್ಳಗಾಗಿ ತಗ್ಗಿಗೆ ಸರಿಯುತ್ತದೆ, ಆದ್ದರಿಂದ ಇದನ್ನು ಹಾಗೇ ಕೂಡಿಸುತ್ತಾ ಹೋಗುವಂತಿಲ್ಲ. ಆದರೂ ಒಂದು ಮಾತು ಸ್ಪಷ್ಟ. ಸುಮ್ನೆ ಸುತ್ತುತ್ತಾ ಹೋದರೆ ಹೊರ ತ್ರೆಡ್ ಬೇಗ ದಪ್ಪವಾಗಿ, ಒಳಗೆ ಹೋಗಬೇಕಾದಷ್ಟು ಹೋಗುವುದೇ ಇಲ್ಲ. ನಾಲ್ಕು ಏಣು ಕಚ್ಚಬೇಕಾದ ಕಡೆ ಎರಡು ಕಚ್ಚಿ ನಿಲ್ಲುತ್ತದೆ.

ಬಾಡಿಗೆಮನೆ

ಇಷ್ಟೆಲ್ಲ ಇದೆಯಾ! ಹಾಗಾದರೆ ಎಷ್ಟು ಸುತ್ತು ಅಂತ ಒಂದು ಸಂಖ್ಯೆ ಹೇಳಿ.

ಪೈಪ್‌ಪಾನಾ

ಒಂದೇ ಸಂಖ್ಯೆ ಹೇಳಲು ಆಗುವುದಿಲ್ಲ. ಟೇಪ್‌ನ ದಪ್ಪ ಬೇರೆ, ತ್ರೆಡ್‌ನ ಸಡಿಲ ಬೇರೆ. ನನ್ನ ರೂಢಿ ಹೇಳುತ್ತೇನೆ. ದಪ್ಪ ಟೇಪ್ ಆದರೆ 3ರಿಂದ 4 ಸುತ್ತು. ತೆಳ್ಳಗಿನ ಬಿಳಿ ಟೇಪ್, ಹಿತ್ತಾಳೆಗೆ ಹಿತ್ತಾಳೆ ಆದರೆ 5ರಿಂದ 8. ಒಳ ತ್ರೆಡ್ ಬರಿಯ ಪ್ಲಾಸ್ಟಿಕ್ ಆದರೆ 2ರಿಂದ 3, ಅದಕ್ಕಿಂತ ಜಾಸ್ತಿ ಬೇಡ.

ಸುತ್ತಿನ ಸಂಖ್ಯೆಗಿಂತ ಸುತ್ತುವ ರೀತಿ ಮುಖ್ಯ. ಸುತ್ತಿದ ಮೇಲೆ ಟೇಪ್ ಕೆಳಗಿನ ಏಣುಗಳು ಅಚ್ಚೊತ್ತಿದಂತೆ ಕಾಣಬೇಕು. ನಯವಾದ ಬಿಳಿ ಕೊಳವೆಯಂತೆ ಕಂಡರೆ ಸಡಿಲ ಸುತ್ತಿದ್ದೀರಿ ಅಥವಾ ಜಾಸ್ತಿ ಸುತ್ತಿದ್ದೀರಿ.

ನೀರಹನಿ

ನಟ್ ಬಿಚ್ಚಿ ನೋಡಿದೆ. ಒಳಗಿನ ವಾಷರ್ ಗಟ್ಟಿಯಾಗಿ ಒಂದು ಕಡೆ ಸೀಳಿತ್ತು. ಟೇಪ್ ಎಲ್ಲ ತೆಗೆದು ಹೊಸ ವಾಷರ್ ಹಾಕಿದೆ. ಈಗ ಪೂರ್ತಿ ಒಣಗಿದೆ. ತುಂಬಾ ಧನ್ಯವಾದ ಸರ್.

ನಲ್ಲಿ ವಿಷಯ. ಟೇಪ್ ಇಲ್ಲದೆ ತಿರುಗಿಸಿದರೆ ಸಲೀಸಾಗಿ ಒಳಗೆ ಹೋಗುತ್ತದೆ. ಕೊನೆಯಲ್ಲಿ ನಲ್ಲಿಯ ಹಿಂದಿನ ಅಗಲವಾದ ಭಾಗ ಟೈಲ್ಸ್‌ಗೆ ತಾಗಿ ನಿಲ್ಲುತ್ತದೆ. ಆಗಲೂ ನಲ್ಲಿ ಸ್ವಲ್ಪ ಅಲ್ಲಾಡುತ್ತದೆ.

ಪೈಪ್‌ಪಾನಾ

ಅಲ್ಲೇ ಇದೆ ತೊಂದರೆ. ಎಲ್ಬೋ ಗೋಡೆಯೊಳಗೆ ಆಳದಲ್ಲಿ ಕೂತಿದೆ. ಪ್ಲಾಸ್ಟರ್, ಅದರ ಮೇಲೆ ಟೈಲ್ಸ್ ಬಂದ ಮೇಲೆ ಎಲ್ಬೋ ಬಾಯಿ ಇನ್ನೂ ಹಿಂದೆ ಹೋಯಿತು. ನಲ್ಲಿಯ ತ್ರೆಡ್ ಎರಡು ಮೂರು ಏಣು ಕಚ್ಚುವಷ್ಟರಲ್ಲಿ ಹಿಂಭಾಗ ಟೈಲ್ಸ್‌ಗೆ ಬಡಿಯುತ್ತದೆ. ನೀವು ರಿಂಚ್ ಹಾಕಿ ಬಿಗಿ ಮಾಡಿದಾಗ ಬಿಗಿಯಾದದ್ದು ಟೈಲ್ಸ್‌ಗೆ, ಎಲ್ಬೋಗೆ ಅಲ್ಲ. ಹೀಗಿರುವಾಗ ಎಷ್ಟು ಟೇಪ್ ಸುತ್ತಿದರೂ ನಲ್ಲಿಯನ್ನು ದಿನಾ ತಿರುಗಿಸುವ ಅಲುಗಾಟಕ್ಕೆ ಅದು ಬಿಟ್ಟುಕೊಳ್ಳುತ್ತದೆ.

ಎಕ್ಸ್‌ಟೆನ್ಷನ್ ನಿಪ್ಪಲ್ ಹಾಕಿ. ಒಂದು ತುದಿ ಹೊರ ತ್ರೆಡ್, ಇನ್ನೊಂದು ತುದಿ ಒಳ ತ್ರೆಡ್. ಬೇರೆ ಬೇರೆ ಉದ್ದದಲ್ಲಿ ಸಿಗುತ್ತದೆ. ಎಲ್ಬೋ ಬಾಯಿಯಿಂದ ಟೈಲ್ಸ್‌ವರೆಗೆ ಒಂದು ಕಡ್ಡಿ ಇಟ್ಟು ಆಳ ಅಳೆಯಿರಿ. ನಿಪ್ಪಲ್ ಎಲ್ಬೋದಲ್ಲಿ ಬಿಗಿಯಾಗಿ ಕೂತಾಗ ಅದರ ಬಾಯಿ ಟೈಲ್ಸ್ ಮಟ್ಟಕ್ಕೆ ಅಥವಾ ಸ್ವಲ್ಪ ಒಳಗೆ ಇರಬೇಕು. ನಲ್ಲಿಯ ತ್ರೆಡ್ ಪೂರ್ತಿ ಕೂತ ಮೇಲೂ ಹಿಂಭಾಗಕ್ಕೂ ಟೈಲ್ಸ್‌ಗೂ ನಡುವೆ ಕೂದಲೆಳೆ ಸಂದಿ ಉಳಿದರೆ ಒಳ್ಳೆಯದು. ಅಲಂಕಾರದ ತಟ್ಟೆ ಅದನ್ನು ಮುಚ್ಚುತ್ತದೆ. ಈಗ ಎರಡು ಜೋಡಣೆ ಆಯಿತು, ಎರಡಕ್ಕೂ ಟೇಪ್ ಬೇಕು.

ಗೋಡೆಯೊಳಗಿನ ಜೋಡಣೆಯನ್ನು ದಯವಿಟ್ಟು ನಿಧಾನವಾಗಿ ಮಾಡಿ. ಅದು ಸೋರಿದರೆ ಹೊರಗೆ ಕಾಣುವುದಿಲ್ಲ, ಗೋಡೆ ಒದ್ದೆಯಾದ ಮೇಲೇ ಗೊತ್ತಾಗುವುದು.

ಮೊದಲಸಲ

ನಾನು ಈ ಕೆಲಸ ಯಾವತ್ತೂ ಮಾಡಿಲ್ಲ. ಸುತ್ತುವುದು ಹೇಗೆ ಅಂತ ಮೊದಲಿನಿಂದ ಹೇಳುತ್ತೀರಾ? ಯಾವ ದಿಕ್ಕು ಅನ್ನುವುದೇ ಗೊಂದಲ.

ಹಿತ್ತಿಲಗಿಡ

ದಿಕ್ಕಿನ ಬಗ್ಗೆ ನಾನು ಹೇಳಬಲ್ಲೆ. ತ್ರೆಡ್‌ನ ತೆರೆದ ಬಾಯಿಯನ್ನು ನಿಮ್ಮ ಮುಖಕ್ಕೆ ತಿರುಗಿಸಿ ಹಿಡಿಯಿರಿ. ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ಸುತ್ತಿ. ಬಲಗೈಯಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ರೀತಿ ಸುಲಭ. ಎಡಗೈಯಲ್ಲಿ ನಲ್ಲಿ, ತ್ರೆಡ್ ಬಲಕ್ಕೆ ಚಾಚಿರಲಿ. ಟೇಪ್ ತ್ರೆಡ್‌ನ ಮೇಲಿನಿಂದ ಆಚೆಗೆ ಹೋಗಿ, ಕೆಳಗಿನಿಂದ ನಿಮ್ಮ ಕಡೆಗೆ ಬರಬೇಕು.

ಹೀಗೆ ಸುತ್ತಿದರೆ ನಲ್ಲಿ ಒಳಗೆ ತಿರುಗುವಾಗ ಟೇಪ್ ಇನ್ನೂ ಬಿಗಿಯಾಗುತ್ತದೆ. ಉಲ್ಟಾ ಸುತ್ತಿದರೆ ಒಳ ತ್ರೆಡ್ ಟೇಪ್‌ನ ತುದಿಯನ್ನು ಹಿಡಿದು ಬಿಚ್ಚುತ್ತಾ ಬರುತ್ತದೆ. ಬಿಗಿ ಮಾಡುವಾಗ ಬಿಳಿ ಎಳೆ ಮುದುಡಿಕೊಂಡು ಹೊರಗೆ ಬಂದರೆ ದಿಕ್ಕು ತಪ್ಪಿದೆ ಎಂದೇ ಅರ್ಥ.

ಪೈಪ್‌ಪಾನಾ

ಸರಿಯಾಗಿ ಹೇಳಿದಿರಿ ಅಕ್ಕ. ಉಳಿದದ್ದು ನಾನು ಹೇಳುತ್ತೇನೆ.

ಮೊದಲು ತ್ರೆಡ್ ಚೊಕ್ಕಟ ಇರಬೇಕು. ಹಳೆಯ ಟೇಪ್ ಚೂರು, ಸುಣ್ಣ, ತುಕ್ಕು ಏನೂ ಇರಬಾರದು. ಹೊರ ತ್ರೆಡ್‌ಗೆ ತಂತಿ ಬ್ರಷ್ ಸಾಕು. ತಗ್ಗಿನಲ್ಲಿ ಸಿಕ್ಕಿಕೊಂಡ ಹಳೆ ಟೇಪ್ ಬರದಿದ್ದರೆ ದಪ್ಪ ಸೂಜಿಯಿಂದ ಎಬ್ಬಿಸಿ. ಒಳ ತ್ರೆಡ್‌ಗೆ ಹಳೆಯ ಹಲ್ಲುಜ್ಜುವ ಬ್ರಷ್. ಹಳೆ ಟೇಪ್ ಮೇಲೆ ಹೊಸ ಟೇಪ್ ಸುತ್ತುವುದು ಮಾತ್ರ ಬೇಡವೇ ಬೇಡ. ಆಮೇಲೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ.

ತುದಿಯ ಮೊದಲ ಏಣನ್ನು ಖಾಲಿ ಬಿಡಿ. ಎರಡು ಕಾರಣ. ಬರಿ ಏಣು ಇದ್ದರೆ ತ್ರೆಡ್ ನೇರವಾಗಿ ಹತ್ತಿಕೊಂಡಿತೇ ಎಂದು ಕೈಗೆ ಗೊತ್ತಾಗುತ್ತದೆ. ಇನ್ನೊಂದು, ಟೇಪ್ ಬಾಯಿಯಿಂದಾಚೆ ಚಾಚಿಕೊಂಡಿದ್ದರೆ ಆ ಚೂರು ಹರಿದು ನೀರಿನ ಜೊತೆ ಹೋಗುತ್ತದೆ. ನಲ್ಲಿಯ ಮೂತಿಯ ಜರಡಿ, ಮಿಕ್ಸರ್‌ನ ಕಾರ್ಟ್ರಿಜ್, ವಾಷಿಂಗ್ ಮಷೀನ್‌ನ ಜಾಲರಿ, ಇಂಥ ಕಡೆ ಸಿಕ್ಕಿಕೊಳ್ಳುತ್ತದೆ. ಹೊಸ ನಲ್ಲಿ ಹಾಕಿದ ಮೇಲೆ ನೀರು ಸಣ್ಣಗೆ ಬಂದರೆ ಜರಡಿ ಬಿಚ್ಚಿ ನೋಡಿ. ಎಷ್ಟೋ ಸಲ ಟೇಪ್ ಚೂರೇ ಇರುತ್ತದೆ.

ಮೊದಲ ಸುತ್ತನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಅದರ ಮೇಲೇ ಎರಡನೇ ಸುತ್ತು ಹಾಕಿ, ಆಗ ಜಾರುವುದಿಲ್ಲ. ಪ್ರತಿ ಸುತ್ತೂ ಹಿಂದಿನದರ ಅರ್ಧ ಮುಚ್ಚುತ್ತಾ ಹಿಂದಕ್ಕೆ ಸಾಗಲಿ. ಟೇಪನ್ನು ಎಳೆದು ಹಿಡಿದೇ ಸುತ್ತಬೇಕು, ಹರಿಯುವಷ್ಟು ಅಲ್ಲ. ಮುಗಿದ ಮೇಲೆ ಕತ್ತರಿ ಬೇಡ, ಜಗ್ಗಿ ಕಿತ್ತರೆ ತುದಿ ತೆಳ್ಳಗಾಗಿ ಅಂಟಿಕೊಳ್ಳುತ್ತದೆ. ಕೊನೆಗೆ ಸುತ್ತಿದ ದಿಕ್ಕಿಗೇ ಬೆರಳಲ್ಲಿ ಒತ್ತಿ ಸವರಿ.

ಕೂರಿಸುವಾಗ ಕೈಯಲ್ಲಿ ಹೋಗುವಷ್ಟು ಕೈಯಲ್ಲೇ. ಆಮೇಲೆ ರಿಂಚ್‌ನಲ್ಲಿ ಲೋಹಕ್ಕಾದರೆ ಒಂದೂವರೆಯಿಂದ ಎರಡು ಸುತ್ತು. ಅಷ್ಟರಲ್ಲಿ ಕೈಗೆ ಒಂದೇ ಸಮನೆ ಹೆಚ್ಚುವ ಬಿಗಿ ಸಿಗಬೇಕು.

ಮೊದಲಸಲ

ತುಂಬಾ ಚೆನ್ನಾಗಿ ಅರ್ಥವಾಯಿತು. ಒಂದು ಅನುಮಾನ. ನಲ್ಲಿ ಬಿಗಿಯಾದಾಗ ಮೂತಿ ಪಕ್ಕಕ್ಕೆ ತಿರುಗಿದ್ದರೆ? ಸ್ವಲ್ಪ ಹಿಂದಕ್ಕೆ ತಿರುಗಿಸಿ ನೇರ ಮಾಡಬಹುದಾ?

ಪೈಪ್‌ಪಾನಾ

ಟೇಪ್ ಇದ್ದಾಗ ಹಿಂದಕ್ಕೆ ತಿರುಗಿಸುವಂತಿಲ್ಲ. ಬಿಗಿಯಾಗುವಾಗ ಟೇಪ್ ಅಮುಕಿ ಆಕಾರ ಪಡೆದಿರುತ್ತದೆ. ರಬ್ಬರಿನಂತೆ ಮತ್ತೆ ಉಬ್ಬುವುದಿಲ್ಲ. ಸ್ವಲ್ಪ ಬಿಚ್ಚಿದರೂ ಸಂದಿ ತೆರೆಯುತ್ತದೆ. ಆಗ ಸೋರದಿದ್ದರೂ ಆಮೇಲೆ ಸೋರುತ್ತದೆ.

ಎರಡು ದಾರಿ ಇದೆ. ಬಿಗಿ ತಡೆಯುವಂತಿದ್ದರೆ ಮುಂದಕ್ಕೇ ತಿರುಗಿಸಿ ಮೂತಿ ಕೆಳಗೆ ತನ್ನಿ. ಆಗದಿದ್ದರೆ ಪೂರ್ತಿ ಬಿಚ್ಚಿ, ಟೇಪ್ ಕಿತ್ತು, ಹೊಸದಾಗಿ ಸುತ್ತಿ. ಈ ಸಲ ಒಂದೆರಡು ಸುತ್ತು ಹೆಚ್ಚು ಹಾಕಿದರೆ ಬೇಗ ಬಿಗಿಯಾಗುತ್ತದೆ, ಕಡಿಮೆ ಹಾಕಿದರೆ ಇನ್ನೂ ಮುಂದೆ ಹೋಗುತ್ತದೆ. ಸುತ್ತಿನ ಸಂಖ್ಯೆ ಬದಲಿಸಿ ನಿಲ್ಲುವ ಜಾಗವನ್ನು ಹೊಂದಿಸುವುದು ಹೀಗೆ. ಅದಕ್ಕೇ ಮೊದಲು ಟೇಪ್ ಇಲ್ಲದೆ ಹಾಕಿ, ಕೈಯಲ್ಲಿ ಎಷ್ಟು ಸುತ್ತು ಹೋಗುತ್ತದೆ, ಮೂತಿ ಎಲ್ಲಿ ನಿಲ್ಲುತ್ತದೆ ಎಂದು ನೋಡಿಕೊಳ್ಳಬೇಕು.

ಲೇತ್‌ಕೆಲಸ

ಹಿಂದಕ್ಕೆ ತಿರುಗಿಸುವ ಅವಕಾಶ ಬೇಕೇ ಬೇಕು ಅನ್ನುವ ಕಡೆ ಬೇರೆ ವಸ್ತುಗಳಿವೆ. ಹಳಬರು ಬಳಸುತ್ತಿದ್ದ ಸೆಣಬಿನಂಥ ನಾರು ಮತ್ತು ಪೇಸ್ಟ್ ಇವತ್ತಿಗೂ ಒಳ್ಳೆಯದೇ. ನಾರು ನೀರು ಕುಡಿದು ಉಬ್ಬುತ್ತದೆ, ಅದಕ್ಕೇ ಸ್ವಲ್ಪ ಹಿಂದೆ ತಿರುಗಿಸಿದರೂ ಸಂದಿ ಮುಚ್ಚಿಕೊಳ್ಳುತ್ತದೆ. ದೊಡ್ಡ ಅಳತೆಯ ಕಬ್ಬಿಣದ ಪೈಪ್‌ಗೆ, ತ್ರೆಡ್ ಒರಟಾಗಿರುವ ಕಡೆ, ನನಗೆ ಟೇಪ್‌ಗಿಂತ ಅದರ ಮೇಲೇ ನಂಬಿಕೆ ಜಾಸ್ತಿ. ಸೀಲಿಂಗ್ ದಾರ ಅಂತಲೂ ಸಿಗುತ್ತದೆ. ಅದೂ ಸ್ವಲ್ಪ ಹಿಂದೆ ಮುಂದೆ ಮಾಡಲು ಬಿಡುತ್ತದೆ. ಆದರೆ ಸೀಸ ಬೆರೆತ ಹಳೆಯ ಬಿಳಿ ಅಥವಾ ಕೆಂಪು ಪೇಸ್ಟ್ ಎಲ್ಲಾದರೂ ಉಳಿದಿದ್ದರೆ ಕುಡಿಯುವ ನೀರಿನ ಪೈಪ್‌ಗೆ ಹಚ್ಚಬೇಡಿ. ಸೀಸ ವಿಷ.

ಲೋಹಕ್ಕೆ ಲೋಹ ಕೂರುವ ಕಡೆ ಹಾಕುವ ದ್ರವದ ಸೀಲೆಂಟ್ ಕೂಡ ಇದೆ. ಗಾಳಿ ಇಲ್ಲದ ಸಂದಿಯಲ್ಲಿ ಲೋಹ ತಾಗಿದಾಗ ಗಟ್ಟಿಯಾಗುವಂಥದ್ದು. ಅದು ಪ್ಲಾಸ್ಟಿಕ್ಕಿಗೆ ಹೊಂದುವುದಿಲ್ಲ, ಕೆಲವು ಪ್ಲಾಸ್ಟಿಕ್ಕನ್ನು ಬಿರುಕು ಬಿಡಿಸುತ್ತದೆ.

ಪಿಟಿಎಫ್‌ಇ ಹುಟ್ಟಿದ ಬಗೆಯೂ ಚೆನ್ನಾಗಿದೆ. 1938ರ ಏಪ್ರಿಲ್ 6ರಂದು ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ರಾಯ್ ಪ್ಲಂಕೆಟ್ ಅವರು ಫ್ರಿಜ್‌ಗೆ ಬೇಕಾದ ಅನಿಲದ ಕೆಲಸದಲ್ಲಿದ್ದರು. ಅನಿಲ ತುಂಬಿದ್ದ ಸಿಲಿಂಡರ್‌ನಿಂದ ಅನಿಲ ಬರಲಿಲ್ಲ, ತೂಕ ಮಾತ್ರ ಹಾಗೇ ಇತ್ತು. ಕತ್ತರಿಸಿ ನೋಡಿದರೆ ಒಳಗೆ ಬಿಳಿ ಪುಡಿ. ನಾವು ಇವತ್ತು ತ್ರೆಡ್‌ಗೆ ಸುತ್ತುತ್ತಿರುವುದು ಅದೇ ವಸ್ತು.

ಮೇಲ್ಛಾವಣಿಟ್ಯಾಂಕ್

ನಮ್ಮ ಸಿಂಟೆಕ್ಸ್ ಥರದ ಪ್ಲಾಸ್ಟಿಕ್ ಟ್ಯಾಂಕ್ ಪಕ್ಕದಲ್ಲಿ ಪ್ಲಾಸ್ಟಿಕ್ ತ್ರೆಡ್ ಎಲ್ಬೋ ಇದೆ. ಹಿತ್ತಾಳೆ ವಾಲ್ವ್ ಹಾಕಿ ಬಿಗಿ ಮಾಡಿದ ಮೇಲೆ ಎಲ್ಬೋ ಉದ್ದಕ್ಕೆ ಸೀಳಿತು. ಸಾಮಾನು ಕಳಪೆಯೇ?

ಪೈಪ್‌ಪಾನಾ

ಸಾಮಾನು ಚೆನ್ನಾಗಿದ್ದರೂ ಹೀಗಾಗುತ್ತದೆ. ಟೇಪರ್ ಇರುವ ಲೋಹದ ತ್ರೆಡ್ಡನ್ನು ಪ್ಲಾಸ್ಟಿಕ್ಕಿನೊಳಗೆ ತಿರುಗಿಸುವುದು ಕಟ್ಟಿಗೆಗೆ ಬೆಣೆ ಹೊಡೆದ ಹಾಗೆ. ಟೇಪ್ ಜಾರುವುದರಿಂದ ಎಷ್ಟು ಬಲ ಬೀಳುತ್ತಿದೆ ಎಂದು ಕೈಗೆ ತಿಳಿಯುವುದೂ ಇಲ್ಲ. ಕೆಲವು ಸಲ ತಕ್ಷಣ ಸೀಳುವುದಿಲ್ಲ, ಬಿಸಿಲಿಗೆ ಕಾದು ಆರಿ ತಿಂಗಳುಗಳ ಮೇಲೆ ಬಿರುಕು ಬಿಡುತ್ತದೆ.

ಅದಕ್ಕೆ ನಿಯಮ ಹೀಗೆ. ಹೊರ ತ್ರೆಡ್ ಪ್ಲಾಸ್ಟಿಕ್, ಒಳ ತ್ರೆಡ್ ಲೋಹ ಆದರೆ ಪರವಾಗಿಲ್ಲ. ಹೊರ ತ್ರೆಡ್ ಲೋಹ, ಒಳ ತ್ರೆಡ್ ಪ್ಲಾಸ್ಟಿಕ್ ಆದರೆ ತಪ್ಪಿಸಿ. ಬೇಕೇ ಬೇಕಾದರೆ ಒಳಗೆ ಹಿತ್ತಾಳೆ ತ್ರೆಡ್ ಕೂರಿಸಿರುವ ಎಲ್ಬೋ ಅಥವಾ ಅಡಾಪ್ಟರ್ ತನ್ನಿ. ಪ್ಲಾಸ್ಟಿಕ್ ತ್ರೆಡ್ ಆದರೆ ಕೈ ಬಿಗಿಯ ಮೇಲೆ ಒಂದು ಸುತ್ತು, ಹೆಚ್ಚೆಂದರೆ ಎರಡು. ದೊಡ್ಡ ಪೈಪ್ ರಿಂಚ್ ಅಲ್ಲಿಗೆ ತರಲೇಬೇಡಿ, ಉದ್ದ ಹಿಡಿಯಲ್ಲಿ ಬಲ ಗೊತ್ತಾಗದೆ ಜಾಸ್ತಿಯಾಗುತ್ತದೆ. ಎಣ್ಣೆ ಅಥವಾ ಕರಗಿಸುವ ದ್ರವ ಇರುವ ಪೇಸ್ಟ್ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪನ್ನು ಬಿರುಕು ಬಿಡಿಸಬಹುದು. ಪ್ಲಾಸ್ಟಿಕ್ಕಿಗೆ ಬರಿಯ ಟೇಪೇ ಸುರಕ್ಷಿತ.

ಪೈಪ್ ಅಂಟಿಸುವ ಸಾಲ್ವೆಂಟನ್ನು ತ್ರೆಡ್‌ಗೆ ಹಚ್ಚುವವರೂ ಇದ್ದಾರೆ. ಅದು ಬೇಡ. ಮತ್ತೆ ಯಾವತ್ತೂ ಬಿಚ್ಚಲು ಆಗುವುದಿಲ್ಲ. ಸೀಳಿದ ಎಲ್ಬೋಗೆ ಹೊರಗಿನಿಂದ ಎಪಾಕ್ಸಿ ಪುಟ್ಟಿ ಮೆತ್ತಿದರೂ ಒತ್ತಡಕ್ಕೆ ಹೆಚ್ಚು ದಿನ ನಿಲ್ಲುವುದಿಲ್ಲ. ಬದಲಾಯಿಸುವುದೊಂದೇ ದಾರಿ.

ಲೇತ್‌ಕೆಲಸ

ಇನ್ನೊಂದು ಸೂಕ್ಷ್ಮ. ಬೇರೆ ದೇಶದಿಂದ ಬಂದ ನಲ್ಲಿ, ಫಿಲ್ಟರ್, ಪಂಪ್ ಹಾಕುವವರು ಗಮನಿಸಿ. ಅಮೆರಿಕ, ಕೆನಡಾಗಳಲ್ಲಿ ನಡೆಯುವ ಎನ್‌ಪಿಟಿ ತ್ರೆಡ್‌ನ ಏಣಿನ ಕೋನ 60 ಡಿಗ್ರಿ. ಬಿಎಸ್‌ಪಿಯದು 55 ಡಿಗ್ರಿ. ಅರ್ಧ ಮತ್ತು ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಏಣು ಇರುವುದರಿಂದ ಒಂದಕ್ಕೊಂದು ಹತ್ತಿಕೊಳ್ಳುತ್ತವೆ. ಕೆಲವು ಸುತ್ತು ಹೋಗಿ ಗಟ್ಟಿಯಾಗಿಯೂ ನಿಲ್ಲುತ್ತವೆ. ಆದರೆ ಏಣುಗಳು ಸರಿಯಾಗಿ ಕೂರುವುದಿಲ್ಲ, ಟೇಪ್ ಎಷ್ಟಿದ್ದರೂ ನಂಬುವಂತಿಲ್ಲ. ಒಂದು ಇಂಚಿನಲ್ಲಿ ಬಿಎಸ್‌ಪಿ 11, ಎನ್‌ಪಿಟಿ 11.5, ಅಲ್ಲಿ ಬೇಗ ಸಿಕ್ಕಿಬೀಳುತ್ತದೆ. ಎರಡನ್ನೂ ಜೋಡಿಸುವ ಅಡಾಪ್ಟರ್ ಸಿಗುತ್ತದೆ, ಅದನ್ನೇ ಬಳಸಿ.

ನೀರಹನಿ

ನಿಪ್ಪಲ್ ತಂದು ಹಾಕಿದೆ. ಹಳೆಯ ಟೇಪ್ ಚೂರುಗಳು ಎಲ್ಬೋ ಒಳಗೆ ಬಹಳ ಇದ್ದವು, ಬ್ರಷ್‌ನಲ್ಲಿ ತೆಗೆದೆ. ನಲ್ಲಿ ಈಗ ಕಲ್ಲಿನಂತೆ ಗಟ್ಟಿ ಕೂತಿದೆ. ಪರೀಕ್ಷೆ ಮಾಡುವುದು ಹೇಗೆ?

ಹಿತ್ತಿಲಗಿಡ

ಮೇನ್ ವಾಲ್ವನ್ನು ನಿಧಾನವಾಗಿ ತೆರೆಯಿರಿ. ಜೋಡಣೆ ಸುತ್ತ ಬಟ್ಟೆಯಿಂದ ಪೂರ್ತಿ ಒರೆಸಿ. ಆಮೇಲೆ ಒಣಗಿದ ಟಿಶ್ಯೂ ಕಾಗದವನ್ನು ಕೆಳಗಿನ ಭಾಗಕ್ಕೆ ಒತ್ತಿ ತೆಗೆಯಿರಿ. ಕಣ್ಣಿಗೆ ಕಾಣದ ತೇವ ಕಾಗದದ ಮೇಲೆ ಕಾಣುತ್ತದೆ. ಅರ್ಧ ಗಂಟೆ ಬಿಟ್ಟು ಒಂದು ಸಲ, ಮಾರನೇ ದಿನ ಒಂದು ಸಲ ನೋಡಿ. ಅಲಂಕಾರದ ತಟ್ಟೆಯನ್ನು ಅಲ್ಲಿಯವರೆಗೆ ಗೋಡೆಗೆ ಒತ್ತಬೇಡಿ, ಹಿಂದೆ ನೋಡಲು ಜಾಗ ಇರಲಿ.

ಬಾಡಿಗೆಮನೆ

ಹಳದಿ, ಗುಲಾಬಿ ಬಣ್ಣದ ಟೇಪ್ ನೋಡಿದ್ದೇನೆ. ಅದು ಬಿಳಿಗಿಂತ ಒಳ್ಳೆಯದಾ?

ಪೈಪ್‌ಪಾನಾ

ಸಾಮಾನ್ಯವಾಗಿ ಬಿಳಿ ತೆಳ್ಳಗೆ, ಗುಲಾಬಿ ದಪ್ಪ ಮತ್ತು ನೀರಿಗೆ, ಹಳದಿ ಗ್ಯಾಸ್ ಪೈಪ್‌ಗೆ, ಹಸಿರು ಆಕ್ಸಿಜನ್‌ಗೆ. ಸ್ಟೇನ್‌ಲೆಸ್ ಸ್ಟೀಲ್ ತ್ರೆಡ್‌ಗಳು ಒಂದನ್ನೊಂದು ಕಚ್ಚಿ ಹಿಡಿದುಬಿಡುತ್ತವೆ, ಅದಕ್ಕೆ ನಿಕ್ಕಲ್ ಬೆರೆತ ಬೂದು ಬಣ್ಣದ ಟೇಪ್. ಆದರೆ ಈ ಬಣ್ಣದ ರೂಢಿ ಎಲ್ಲ ಕಡೆ ಒಂದೇ ಇಲ್ಲ. ಬಣ್ಣ ನೋಡಿ ತೀರ್ಮಾನ ಮಾಡಬೇಡಿ, ಡಬ್ಬಿಯ ಮೇಲೆ ಯಾವುದಕ್ಕೆ ಎಂದು ಬರೆದಿರುವುದನ್ನು ಓದಿ.

ಗ್ಯಾಸ್ ಪೈಪ್‌ನ ಕೆಲಸವನ್ನು ಅದಕ್ಕೆ ಪರವಾನಗಿ ಇರುವವರೇ ಮಾಡಬೇಕು. ಸೋರಿಕೆ ನೋಡುವುದು ಸೋಪಿನ ನೀರಿನಿಂದ, ಗುಳ್ಳೆ ಬಂದರೆ ಸೋರುತ್ತಿದೆ. ಬೆಂಕಿಕಡ್ಡಿ ಹಿಡಿದು ನೋಡುವುದು ಜೀವಕ್ಕೇ ಅಪಾಯ. ಆಕ್ಸಿಜನ್ ಸಾಲಿನಲ್ಲಿ ಎಣ್ಣೆ ಜಿಡ್ಡಿದ್ದರೆ ಹೊತ್ತಿಕೊಳ್ಳಬಹುದು, ಮಾಮೂಲಿ ಟೇಪ್ ಅಲ್ಲಿಗೆ ಒಯ್ಯಲೇಬಾರದು.

ಬಿಸಿನೀರು

ನನ್ನದು ಗೀಸರ್ ಪ್ರಶ್ನೆ. ಟೇಪ್ ಬಿಸಿಗೆ ಕರಗುವುದಿಲ್ಲವಾ? ಗೀಸರ್ ಆನ್ ಮಾಡಿದಾಗ ಮಾತ್ರ ಕೆಳಗೆ ಹನಿ ಬೀಳುತ್ತದೆ. ತಣ್ಣಗಿದ್ದಾಗ ಏನೂ ಇಲ್ಲ. ಟೇಪ್ ಬದಲಿಸಿದರೂ ಅದೇ ಕಥೆ.

ಲೇತ್‌ಕೆಲಸ

ಟೇಪ್‌ಗೆ ಬಿಸಿನೀರು ಏನೂ ಅಲ್ಲ. ಪಿಟಿಎಫ್‌ಇ 260 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಲಸಕ್ಕೆ ಬರುತ್ತದೆ, ಕರಗುವುದು ಸುಮಾರು 327ಕ್ಕೆ. ಬೆಂಕಿಯ ಜ್ವಾಲೆಗೆ ಸಿಕ್ಕಿದರೆ ಮಾತ್ರ ಕೆಟ್ಟು ವಿಷದ ಹೊಗೆ ಬರುತ್ತದೆ. ತಾಮ್ರದ ಪೈಪ್ ಬೆಸುಗೆ ಇದ್ದರೆ ಮೊದಲು ಬೆಸುಗೆ ಮುಗಿಸಿ, ಆರಿದ ಮೇಲೆ ಟೇಪ್ ಸುತ್ತಬೇಕು.

ಗೀಸರ್‌ನಲ್ಲಿ ಕಬ್ಬಿಣದ ನಿಪ್ಪಲ್‌ಗೆ ತಾಮ್ರ ಅಥವಾ ಹಿತ್ತಾಳೆ ನೇರ ಜೋಡಿಸಿದ್ದರೆ ಅದನ್ನೂ ನೋಡಿ. ಎರಡು ಬೇರೆ ಲೋಹ ನೀರಿನಲ್ಲಿ ತಾಗಿದರೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಟೇಪ್ ನಡುವೆ ಇದೆಯಲ್ಲ ಅಂದುಕೊಳ್ಳಬಾರದು. ಬಿಗಿ ಮಾಡುವಾಗ ಏಣುಗಳು ಅದನ್ನು ಕತ್ತರಿಸಿ ಲೋಹಕ್ಕೆ ಲೋಹ ತಾಗಿರುತ್ತದೆ. ಅದಕ್ಕೆಂದೇ ಪ್ಲಾಸ್ಟಿಕ್ ಒಳಪದರ ಇರುವ ನಿಪ್ಪಲ್, ಎರಡು ಲೋಹ ತಾಗದಂತೆ ತಡೆಯುವ ಡೈಎಲೆಕ್ಟ್ರಿಕ್ ಯೂನಿಯನ್ ಇವೆ.

ಪೈಪ್‌ಪಾನಾ

ಬಿಸಿನೀರು ಅವರೇ, ಹನಿ ಸರಿಯಾಗಿ ಎಲ್ಲಿಂದ ಬೀಳುತ್ತಿದೆ? ತಣ್ಣೀರು ಒಳಗೆ ಹೋಗುವ ಕಡೆ ಒಂದು ಸಣ್ಣ ವಾಲ್ವ್, ಅದರ ಪಕ್ಕಕ್ಕೆ ಒಂದು ಚಿಕ್ಕ ಮೂತಿ ಇರುತ್ತದೆ. ಅಲ್ಲಿಂದಲೇ?

ಬಿಸಿನೀರು

ಹೌದು ಸರ್, ಆ ಚಿಕ್ಕ ಮೂತಿಯಿಂದಲೇ. ಅದಕ್ಕೆ ಟೇಪ್ ಸುತ್ತಿದ ಒಂದು ಪ್ಲಗ್ ಹಾಕೋಣ ಅಂತಿದ್ದೆ.

ಪೈಪ್‌ಪಾನಾ

ಯಾವ ಕಾರಣಕ್ಕೂ ಮುಚ್ಚಬೇಡಿ. ಅದು ಸೇಫ್ಟಿ ವಾಲ್ವ್. ನೀರು ಕಾದಾಗ ಹಿಗ್ಗುತ್ತದೆ. 20 ಡಿಗ್ರಿಯಿಂದ 60 ಡಿಗ್ರಿಗೆ ಬಂದರೆ ಸುಮಾರು ನೂರಕ್ಕೆ ಒಂದೂವರೆ ಭಾಗ. 15 ಲೀಟರ್ ಟ್ಯಾಂಕ್ ಆದರೆ ಹತ್ತಿರ ಹತ್ತಿರ ಕಾಲು ಲೀಟರ್. ಹಿಂದಕ್ಕೆ ಹೋಗಲು ದಾರಿ ಇಲ್ಲದಿದ್ದಾಗ ಆ ಹೆಚ್ಚಿನ ನೀರು ಈ ಮೂತಿಯಿಂದ ಹೊರಗೆ ಬರುತ್ತದೆ. ಅದನ್ನು ಮುಚ್ಚಿದರೆ ಒತ್ತಡ ಟ್ಯಾಂಕ್ ಮೇಲೆ ಬೀಳುತ್ತದೆ. ಥರ್ಮೋಸ್ಟಾಟ್ ಕೂಡ ಕೆಟ್ಟರೆ ಟ್ಯಾಂಕ್ ಒಡೆಯಬಹುದು.

ಕಾಯುವಾಗ ಮಾತ್ರ ಹನಿ ಬಿದ್ದು ಆಮೇಲೆ ನಿಂತರೆ ಅದು ತನ್ನ ಕೆಲಸ ಮಾಡುತ್ತಿದೆ. ಮೂತಿಗೆ ಒಂದು ಸಣ್ಣ ಕೊಳವೆ ಸಿಕ್ಕಿಸಿ ಇಳಿಜಾರಾಗಿ ಚರಂಡಿಯ ಕಡೆಗೆ ಬಿಡಿ. ಕೊಳವೆಯ ತುದಿ ತೆರೆದೇ ಇರಲಿ, ನೀರಿನಲ್ಲಿ ಮುಳುಗಿರಬಾರದು. ಗೀಸರ್ ಆಫ್ ಇದ್ದಾಗಲೂ ಸತತ ಸುರಿಯುತ್ತಿದ್ದರೆ ವಾಲ್ವ್‌ನಲ್ಲಿ ಕಸ ಕೂತಿದೆ ಅಥವಾ ಸಾಲಿನ ಒತ್ತಡ ಜಾಸ್ತಿ ಇದೆ. ಆಗ ಕರೆಂಟ್ ಆಫ್ ಮಾಡಿ, ಗೀಸರ್ ತಿಳಿದವರಿಂದ ವಾಲ್ವ್ ಬದಲಾಯಿಸಿಕೊಳ್ಳಿ. ವಾಲ್ವ್‌ನ ಮೈಮೇಲೆ ಬಾಣದ ಗುರುತು ಇರುತ್ತದೆ. ಹೊಸದು ಹಾಕುವಾಗ ಬಾಣ ಟ್ಯಾಂಕ್ ಕಡೆಗೆ ಇರಲಿ. ಟ್ಯಾಂಕ್‌ನ ನಿಪ್ಪಲ್‌ಗೆ ಟೇಪ್ ಸುತ್ತಿ ಕೂರಿಸಿ, ಚಿಕ್ಕ ಮೂತಿ ಕೆಳಮುಖವಾಗಿ ನಿಲ್ಲುವಂತೆ ನೋಡಿಕೊಳ್ಳಲು ಹೇಳಿ.

ಬಿಸಿನೀರು

ಪ್ಲಗ್ ಹಾಕುವುದಿಲ್ಲ. ಕಾಯುವಾಗ ಮಾತ್ರ ಬೀಳುತ್ತಿದೆ, ಕರೆಂಟ್ ಆಫ್ ಆದ ಮೇಲೆ ನಿಲ್ಲುತ್ತದೆ. ನಾಳೆ ಕೊಳವೆ ಹಾಕುತ್ತೇನೆ.